ಕಣಗಿಲೆಯ ಮರೆಯಲ್ಲಿ ಬೆಳುವಾಯಿಗೆ

ಬೆಳ್ತಂಗಡಿಯಿಂದ ಬಸ್ಸಿನಲ್ಲಿ ಬಂದ ನಾನು ಪಾಣೆಮಂಗಳೂರಿನಲ್ಲಿ ಅತ್ತಿಗೆಯ ಕಾರು ಹತ್ತಿದಾಗ ಬಿಸಿಲು ಇಳಿಯತೊಡಗಿತ್ತು. ಅತ್ತಿಗೆಯ ತಂಗಿ ವಾಣಿ ಮರುದಿನ ನಸುಕಿನ ವಿಮಾನಕ್ಕೆ ದುಬಾಯಿಗೆ ಹೊರಡುವವಳಿದ್ದಳು. ಅವಳನ್ನು ಬೀಳ್ಕೊಡಲು ಮೂಡುಬಿದಿರೆ ದಾಟಿ ಬೆಳುವಾಯಿಯ ಅವಳ ಮನೆಗೆ ಕತ್ತಲಾಗುವ ಮೊದಲೇ ತಲುಪುವುದೆಂದು ನಮ್ಮ ಲೆಕ್ಕ.

ಹಿಂದಿನ ವರ್ಷ ಎದುರಿನ ವಾಹನದ ಬಿಳಿ ಬೆಳಕು ಕಣ್ಣಿಗೆ ಹೊಡೆದು ಅತ್ತಿಗೆಯ ಕಾರು ಚರಂಡಿಗೆ ಇಳಿದಿತ್ತು. ಗಾಯವಾಗಲಿಲ್ಲ, ಆದರೆ ಅಂದಿನಿಂದ ಅವರು ಕತ್ತಲಲ್ಲಿ ಸ್ಟೀರಿಂಗ್ ಮುಟ್ಟಿರಲಿಲ್ಲ. ನನಗೆ ಕಾರು ಓಡಿಸಲು ಬಾರದು.

ಬಂಟ್ವಾಳ ದಾಟಿದ ಮೇಲೆ ರಸ್ತೆಗೆ ಮರ ಬಿದ್ದು ವಾಹನಗಳು ನಿಂತಿದ್ದವು. ಅದನ್ನು ಕಡಿದು ಸರಿಸುವಷ್ಟರಲ್ಲಿ ಕತ್ತಲಾಯಿತು. ಎದುರಿನ ಒಂದೊಂದು ಬೆಳಕಿಗೂ ಅತ್ತಿಗೆ ಬ್ರೇಕ್ ಒತ್ತುತ್ತಿದ್ದರು. ಸಿದ್ಧಕಟ್ಟೆಯಲ್ಲಿ ಹೋಟೆಲೊಂದರ ಮುಂದೆ ನಿಲ್ಲಿಸಿಯೇಬಿಟ್ಟರು.

"ಈ ಎದುರಿನ ಲೈಟಿನಲ್ಲಿ ಬೆಳುವಾಯಿವರೆಗೆ ಇನ್ನು ನನ್ನಿಂದ ಆಗುವುದಿಲ್ಲ ಮಾರಾಯ್ತಿ. ವಾಣಿಗೆ ಫೋನಿನಲ್ಲೇ ಹೇಳ್ತೇನೆ."

ತಿನ್ನಲು ತರಿಸಿದ ಗೋಳಿಬಜೆ ಬಿಸಿಯಾಗಿತ್ತು, ಅವರು ಮುಟ್ಟಲಿಲ್ಲ. ಪಕ್ಕದ ಮೇಜಿನಲ್ಲಿ ಚಹಾ ಕುಡಿಯುತ್ತಿದ್ದವರು ಕೆಂಪುಕಲ್ಲು ಸಾಗಿಸುವ ಲಾರಿಯ ಚಾಲಕ; ಹೆಸರು ಹಮೀದ್ ಎಂದು ಆಮೇಲೆ ತಿಳಿಯಿತು. ಮಾತು ಕೇಳಿಸಿಕೊಂಡವರು ತಿರುಗಿ ಹೇಳಿದರು: "ನನ್ನ ಹಿಂದೆಯೇ ಬನ್ನಿ ಅಕ್ಕ. ಲೋಡು ಉಂಟು, ಮೆಲ್ಲ ಹೋಗ್ತೇನೆ. ಎದುರಿನ ಲೈಟಿಗೆ ನನ್ನ ಲಾರಿಯೇ ಅಡ್ಡ ಆಗ್ತದೆ. ಮೂಡುಬಿದಿರೆಯ ನಂತರ ರಸ್ತೆಯ ನಡುವೆ ಗಿಡ ಉಂಟು, ಅಲ್ಲಿ ನಾನು ಬೇಡ."

ಅತ್ತಿಗೆ ಮೇಜಿನ ಮೇಲಿದ್ದ ಕೀಲಿಕೈ ತೆಗೆದುಕೊಂಡರು.

ಲಾರಿಯ ಹಿಂದಿನ ಕೆಂಪು ದೀಪವನ್ನೇ ನೋಡುತ್ತ ಮೂಡುಬಿದಿರೆ ತಲುಪಿದೆವು. ಎದುರಿನವರು ಹೈಬೀಮಿನಲ್ಲಿ ಬಂದಾಗಲೆಲ್ಲ ಹಮೀದ್ ತಮ್ಮ ದೀಪ ಮಿಣುಕಿಸಿ ತಗ್ಗಿಸುವಂತೆ ಸೂಚಿಸುತ್ತಿದ್ದರು, ಹೆಚ್ಚಿನವರು ತಗ್ಗಿಸಿದರು. ಪೇಟೆಯಲ್ಲಿ ಅವರು ಕೈಬೀಸಿ ಬೇರೆ ದಾರಿ ಹಿಡಿದರು.

ಮುಂದೆ ನಾಲ್ಕು ಪಥದ ಹೆದ್ದಾರಿ. ನಡುವಿನ ಏರಿಯಲ್ಲಿ ಎದೆಯೆತ್ತರ ಬೆಳೆದ ಕಣಗಿಲೆ. ಅದನ್ನು ಅಂದಕ್ಕಾಗಿ ನೆಟ್ಟದ್ದೆಂದು ಹಗಲಿನ ಬಸ್ಸಿನಲ್ಲಿ ಕುಳಿತು ಎಷ್ಟೋ ಸಲ ಅಂದುಕೊಂಡಿದ್ದೆ. ಈಗ ಆಚೆ ಬದಿಯ ವಾಹನಗಳ ಬೆಳಕು ಎಲೆಗಳ ನಡುವೆ ಚೂರುಚೂರಾಗಿ ನಮ್ಮವರೆಗೆ ಬಾರದೆ ಉಳಿಯುತ್ತಿತ್ತು. ಗಿಡ ಸತ್ತ ಒಂದು ಕಡೆ ಮಾತ್ರ ಪ್ರಖರ ಬೆಳಕು ನುಗ್ಗಿತು. ಅತ್ತಿಗೆ ಕಣ್ಣು ಕಿರಿದು ಮಾಡಿದರು, ಬ್ರೇಕ್ ಒತ್ತಲಿಲ್ಲ. ಬೇಸಿಗೆಯಲ್ಲಿ ಈ ಗಿಡಗಳಿಗೆ ನೀರು ಹಾಕಿದವರನ್ನು ಮನಸ್ಸಿನಲ್ಲೇ ನೆನೆದೆ.

ವಾಣಿ ಗೇಟಿನಲ್ಲೇ ನಿಂತಿದ್ದಳು. ಊಟದ ನಡುವೆ ಅವಳು, "ಏರ್‌ಪೋರ್ಟಿಗೆ ಕತ್ತಲಲ್ಲೇ ಹೊರಡಬೇಕು, ಟ್ಯಾಕ್ಸಿಗೆ ಹೇಳಿದ್ದೇನೆ" ಎಂದಳು.

"ಬೇಡ ಅಂತ ಹೇಳು" ಎಂದರು ಅತ್ತಿಗೆ, ಸಾರು ಬಡಿಸಿಕೊಳ್ಳುತ್ತ. "ನಾನೇ ಬಿಡ್ತೇನೆ."