ವಾಸನೆ ನೋಡಿದವನು

ಇವತ್ತು ಬೆಳಿಗ್ಗೆ ಸೊಸೆ ಹಾಲಿನ ಪಾತ್ರೆಯನ್ನು ನನ್ನ ಮೂಗಿನ ಮುಂದೆ ಹಿಡಿದಳು. "ಮಾವಾರ, ಒಂಚೂರು ವಾಸನಿ ನೋಡ್ರಿ. ಕೆಟ್ಟದೇನ್ರಿ?"

ನಮ್ಮ ಮನೆಯಲ್ಲಿ ಈ ಮೂಗಿನದೇ ಕೊನೆಯ ತೀರ್ಪು. ತುಪ್ಪ, ಹಿಂಗು, ಮುಗ್ಗಿದ ಹಿಟ್ಟು, ಎಲ್ಲವೂ ಇದರ ಮುಂದೆ ಹಾದು ಹೋಗಬೇಕು. ಮೆಟ್ರಿಕ್‌ನಾಚೆ ಓದದವನಿಗೆ ಅಷ್ಟಾದರೂ ಪದವಿ ಬೇಡವೇ? ಆದರೆ 'ವಾಸನೆ ನೋಡು' ಎಂಬ ಮಾತು ಕಿವಿಗೆ ಬಿದ್ದರೆ ನನಗೆ ಒಬ್ಬ ಡ್ರೈವರು ನೆನಪಾಗುತ್ತಾನೆ. ಕನ್ನಡದಲ್ಲಿ ನಾವು ರುಚಿಯನ್ನೂ ನೋಡುತ್ತೇವೆ, ವಾಸನೆಯನ್ನೂ ನೋಡುತ್ತೇವೆ. ಆ ಸಡಿಲಿನಲ್ಲಿ ನಾನು ಮೂವತ್ತು ವರ್ಷದಿಂದ ಅಡಗಿ ಕೂತಿದ್ದೇನೆ.

ಆಗ ಮರಾಠಿ ಸೀಮೆಯ ಊರಿನಲ್ಲಿ, ಸ್ವಾರಗೇಟದ ಹತ್ತಿರ ಒಂದು ಖಾಸಗಿ ಬಸ್ಸಿನ ಆಫೀಸಿನಲ್ಲಿ ಟಿಕೀಟು ಬರೆಯುತ್ತಿದ್ದೆ. ಗದಗಿನ ಕಡೆಯ ಬಸಪ್ಪ ಹೊಸ ಡ್ರೈವರು. ಮರಾಠಿ ಬಾರದು, ನನ್ನನ್ನು 'ಅಣ್ಣಾರ' ಎನ್ನುತ್ತಿದ್ದ. ಒಂದು ಮುಂಜಾನೆ ಬಸ್ಸು ಬಿಡುವ ಹೊತ್ತಿಗೆ ಅವನ ಮೈಯಿಂದ ಸ್ಪಿರಿಟ್ಟಿನ ವಾಸನೆ ಬಂತು. ಕುಡಿದಿದ್ದಾನೆ ಎಂದು ಮಾಲೀಕರಿಗೆ ಹೇಳಿಬಿಟ್ಟೆ. ಬಸ್ಸಿನ ತುಂಬ ಜನ. ಹೇಳಿದ್ದು ತಪ್ಪಲ್ಲ ಎಂದು ಇಂದಿಗೂ ಅಂದುಕೊಳ್ಳುತ್ತೇನೆ. ತಪ್ಪಿದ್ದು ಮುಂದೆ.

ಮಾಲೀಕರು ಮರಾಠಿಯವರು. ನೀನೇ ನೋಡಿದೆಯಾ ಎಂದು ಅವರ ಭಾಷೆಯಲ್ಲಿ ಕೇಳಿದರು. "ಪಾಹಿಲಂ", ನೋಡಿದೆ, ಎಂದೆ. ಮರಾಠಿಯಲ್ಲಿ ವಾಸನೆಯನ್ನು ಯಾರೂ ನೋಡುವುದಿಲ್ಲ; ನೋಡಿದೆ ಎಂದರೆ ಕುಡಿಯುವುದನ್ನು ಕಣ್ಣಾರೆ ಕಂಡೆ ಎಂದೇ ಅರ್ಥ. ಅದು ನನಗೆ ಗೊತ್ತಿತ್ತು.

ನೋಡಿದ್ದೇನೆಂದು ಹೇಳಿದ್ದನ್ನು ಅಲ್ಲೇ ನಿಂತಿದ್ದ ಬಸಪ್ಪನಿಗೂ ಕನ್ನಡದಲ್ಲಿ ತಿಳಿಸಿದೆ. ಅವನು ನನ್ನ ಕಡೆ ತಿರುಗಿದ. "ಏನ ನೋಡೀರಿ ಅಣ್ಣಾರ? ಬಾಟ್ಲಿ ನೋಡೀರೋ, ಬರೇ ವಾಸನಿ ನೋಡೀರೋ? ಅದನ್ನಷ್ಟ ಅವರಿಗೆ ಹೇಳ್ರಿ."

ಏನನ್ನುತ್ತಾನೆ ಎಂದು ಮಾಲೀಕರು ನನ್ನನ್ನೇ ಕೇಳಿದರು. ಹೇಳುವುದೇನೂ ಇಲ್ಲವಂತೆ ಎಂದೆ.

ಅವತ್ತೇ ಅವನ ಕೆಲಸ ಹೋಯಿತು. ಬಸ್ಸಿನ ಕೀಲಿಯನ್ನು ನನ್ನ ಮೇಜಿನ ಮೇಲಿಟ್ಟು, ಯಾರನ್ನೂ ಬೈಯದೆ ಹೋದ.

ಕುಡಿದಿದ್ದನೋ ಇಲ್ಲವೋ, ನನಗೆ ಇವತ್ತಿಗೂ ಗೊತ್ತಿಲ್ಲ. ಕುಡಿದಿದ್ದರೆ ನನ್ನ ಮಾತು ನಿಜವೇ ಆಯಿತಲ್ಲ ಎಂದು ಒಮ್ಮೊಮ್ಮೆ ಸಮಾಧಾನ ಹುಡುಕುತ್ತೇನೆ. ಕುರುಡ ಎಸೆದ ಕಲ್ಲು ಗುರಿಗೆ ತಾಗಿದರೆ ಅವನಿಗೆ ಕಣ್ಣು ಬಂದಂತಾಯಿತೇ, ನೀವೇ ಹೇಳಿ. ಎಷ್ಟೋ ದಿನಗಳ ಮೇಲೆ, ಅವನ ಮೊಣಕೈಗೆ ಬಟ್ಟೆಯ ಪಟ್ಟಿ ಕಟ್ಟಿದ್ದು ನೆನಪಿಗೆ ಬರತೊಡಗಿತು. ಗಾಯಕ್ಕೆ ಸ್ಪಿರಿಟ್ ಹಚ್ಚಿದ್ದನೇ? ಆ ಪಟ್ಟಿಯನ್ನು ನಾನು ನಿಜವಾಗಿ ಕಂಡಿದ್ದೆನೋ, ಆಮೇಲೆ ನನ್ನ ಪಶ್ಚಾತ್ತಾಪವೇ ತಂದು ಕಟ್ಟಿತೋ? ಅದೂ ಗೊತ್ತಿಲ್ಲ.

"ಮಾವಾರ, ಚೆಲ್ಲಲೇನ್ರಿ?" ಸೊಸೆ ಪಾತ್ರೆ ಹಿಡಿದೇ ನಿಂತಿದ್ದಳು.

"ಹುಳಿ ವಾಸನಿ ಬಂದಂಗಾತವ್ವಾ. ಕೆಟ್ಟದೋ ಇಲ್ಲೋ ನನಗ ಗೊತ್ತಿಲ್ಲ. ಕಾಸಿ ನೋಡು."

"ನಿಮಗ ಗೊತ್ತಿಲ್ಲೇನ್ರಿ?" ಎಂದು ನಕ್ಕು ಗ್ಯಾಸ್ ಹಚ್ಚಿದಳು. ಕಟ್ಟೆಗೆ ಕೈ ಊರಿ ನಾನೂ ಪಾತ್ರೆಯನ್ನೇ ನೋಡುತ್ತ ನಿಂತೆ. ಅಂಚಿನಲ್ಲಿ ಗುಳ್ಳೆ ಎದ್ದವು. ಕೆನೆ ಕಟ್ಟಿ ಹಾಲು ಮೇಲೇರಿತು. ಒಡೆಯಲಿಲ್ಲ.