ಎದೆಯ ಲೆಕ್ಕ, ಮಣಿಕಟ್ಟಿನ ಲೆಕ್ಕ

ನನಗೆ ಸಿಟ್ಟು ಬೇಗ ಬರುತ್ತದೆ. ಅದರಲ್ಲೂ ಬಿ.ಎಸ್ಸಿ. ಓದಿದ ನನ್ನ ಎಣಿಕೆಯನ್ನು ಸಾಲಿಯ ಮೆಟ್ಟಿಲೇ ಹತ್ತದ ಅವ್ವ ತಪ್ಪು ಅಂದರೆ ಕೇಳಲೇಬೇಡಿ. ಹೋದ ವರ್ಷ ಎರಡು ವಾರ ನಾವಿಬ್ಬರೂ ದಿನಾ ಬೆಳಿಗ್ಗೆ ಜಗಳಾಡಿದ್ದನ್ನು ನೆನೆದರೆ ಈಗಲೂ ಮೈ ಜುಮ್ಮೆನ್ನುತ್ತದೆ. ನಾವು ಎಣಿಸುತ್ತಿದ್ದದ್ದು ಅಪ್ಪನ ಎದೆಬಡಿತ.

ಅಪ್ಪ ಕುರನೂರಿನವನು, ಬೋರಿ ಹೊಳೆಯ ದಂಡೆಯಲ್ಲಿ ಕುರಿ ಕಾಯುತ್ತಲೇ ಮುದುಕನಾದವನು. ಒಮ್ಮೆಲೇ ಅವನ ಕಾಲು ಬಾತವು, ನಾಲ್ಕು ಹೆಜ್ಜೆಗೆ ಏದುಸಿರು, ಅಡ್ಡಾದರೆ ಉಸಿರು ಕಟ್ಟಿ ಎದ್ದು ಕೂರುತ್ತಿದ್ದ. "ಎದ್ಯಾಗ ತೋಳ ಹೊಕ್ಕು ಕುರಿ ಬೆದರಿದಂಗ ಆಗೇತಿ" ಅಂದ. ಅಕ್ಕಲಕೋಟದ ಡಾಕ್ಟರು ನಾಡಿ ಹಿಡಿದವರೇ ಸೊಲ್ಲಾಪುರಕ್ಕೆ ಓಡಿಸಿದರು. ಅಲ್ಲಿಯ ಹೃದಯದ ಡಾಕ್ಟರು ಮಷಿನ್ ಹಚ್ಚಿ ನೋಡಿ ಹೇಳಿದ್ದು ಇಷ್ಟು: ಹೃದಯಕ್ಕೆ ರಕ್ತ ದಬ್ಬುವ ಬಲ ಕಡಿಮೆಯಾಗಿದೆ, ಅದರ ಮೇಲೆ ಬಡಿತದ ತಾಳ ತಪ್ಪಿ ಮನಸ್ಸಿಗೆ ಬಂದಂತೆ ಓಡುತ್ತಿದೆ. ಹೀಗೆ ಓಡಿ ಓಡಿಯೇ ಸೋತಿರಲೂಬಹುದು. ಮೊದಲು ಮೈಯ ನೀರು ಇಳಿಸಲು, ಓಟ ತಗ್ಗಿಸಲು, ರಕ್ತ ಹೆಪ್ಪುಗಟ್ಟದಂತೆ ನೋಡಿಕೊಳ್ಳಲು ಗುಳಿಗೆ. ಕೆಲವು ವಾರದ ಮೇಲೆ ಮಂಪರು ಕೊಟ್ಟು ಎದೆಗೊಂದು ಕರೆಂಟಿನ ಶಾಕ್. ತಾಳ ಕೂಡಿದರೆ ಹೃದಯ ಚೇತರಿಸಿಕೊಂಡೀತು. ಅಲ್ಲಿಯವರೆಗೆ ದಿನಾ ಬೆಳಿಗ್ಗೆ ಒಂದು ನಿಮಿಷ ಬಡಿತ ಎಣಿಸಿ ಬರೆದಿಡಿ. ಅಪ್ಪ ಮತ್ತೆ ಕುರಿಯ ಹಿಂದೆ ನಡೆಯುತ್ತಾನೋ ಇಲ್ಲವೋ ಅನ್ನುವುದೆಲ್ಲ ಆ ತಾಳಕ್ಕೆ ಬಂದು ನಿಂತಿತು.

ಇಬ್ಬರನ್ನೂ ನನ್ನ ಮನೆಗೇ ಕರೆತಂದೆ. ನಮ್ಮದು ಸೊಲ್ಲಾಪುರದ ಅಕ್ಕಲಕೋಟ ರಸ್ತೆಯಲ್ಲಿ, ಎಂಐಡಿಸಿ ಅನ್ನುವ ಕಾರ್ಖಾನೆಗಳ ವಸಾಹತು, ಗೋಡೆಯಾಚೆ ನನ್ನ ಗಂಡನ ಟವೆಲ್ ಮಗ್ಗಗಳು. ಮೊದಲ ದಿನ ಹೊಸ ಸ್ಟೆತಾಸ್ಕೋಪ್ ಎದೆಗಿಟ್ಟು ಎಣಿಸಿದೆ: ನೂರಾ ಹನ್ನೆರಡು. ಅವ್ವ ಅದೇ ಹೊತ್ತಿಗೆ ಮಣಿಕಟ್ಟು ಹಿಡಿದು ಎಣಿಸಿದಳು: ಎಂಬತ್ತನಾಲ್ಕು.

ಅವಳದು ಸಂಜೆ ದಡ್ಡಿಯ ಬಾಗಿಲಲ್ಲಿ ಕೂತು, ನುಗ್ಗುವ ಕುರಿಗಳನ್ನು ಎಣಿಸಿ ಒಳಗೆ ಬಿಟ್ಟ ಕೈ. ಒಂದು ಅನ್ನುವುದಿಲ್ಲ, ರಾಶಿ ಅಳೆಯುವವರಂತೆ 'ಲಾಭ' ಅಂತಲೇ ಶುರು. ಇಪ್ಪತ್ತಾದರೆ ಒಂದು ಖಂಡಿ, ಖಂಡಿಗೊಂದು ಹರಳು ಉಡಿಗೆ.

"ಯವ್ವಾ, ಆ ಲಾಭಾನ ಲೆಕ್ಕಕ್ಕ ಹಿಡದೀಯೋ ಇಲ್ಲೋ?" ಅಂದೆ.

"ಲಾಭ ಯಾರರ ಬಿಡ್ತಾರೇನ? ಬಿಟ್ರೂ ಒಂದು ಬಿಟ್ಟೇನು, ಇಪ್ಪತ್ತೆಂಟು ಬಿಡ್ತೀನೇನ ಹುಚ್ಚಿ? ನೀ ಮಗ್ಗದ ಸಪ್ಪಳ ಎಣಿಸಾಕತ್ತಿ!"

"ನನ್ನ ಎದಿ ಮುಂದಿಟ್ಕೊಂಡು ನೀವ್ಯಾಕ ಬಡದಾಡ್ತೀರಿ?" ಅಂದ ಅಪ್ಪ, ಉಪ್ಪಿಲ್ಲದ ಶೇಂಗಾ ಚಟ್ನಿಯನ್ನು ಬೆರಳಿನಿಂದ ದೂರ ಸರಿಸುತ್ತ.

ಮಗ್ಗಗಳ ವಾರದ ರಜೆಯ ದಿನಕ್ಕಾಗಿ ಕಾದು, ಇಡೀ ಓಣಿ ತಣ್ಣಗಿದ್ದಾಗ ಎಣಿಸಿದೆ. ಆಗಲೂ ಅವಳದು ಕಡಿಮೆ, ನನ್ನದು ಹೆಚ್ಚು. ಹಟಮಾರಿ ಮುದುಕಿ ಅಂತ ಬೈದುಕೊಂಡು ನನ್ನ ಸಂಖ್ಯೆಯನ್ನಷ್ಟೇ ವಹಿಯಲ್ಲಿ ಬರೆದೆ.

ಮುಂದಿನ ಸಲ ಡಾಕ್ಟರ ಎದುರು ಅವ್ವನ ಮೇಲೆ ಚಾಡಿಯನ್ನೂ ಹೇಳಿದೆ. ಅವರು ನಗಲಿಲ್ಲ. ಇಸಿಜಿಯ ವಯರು ಹಚ್ಚಿಟ್ಟೇ ನಮ್ಮಿಬ್ಬರಿಗೂ ಎಣಿಸಲು ಹೇಳಿ, ಪರದೆ ನೋಡುತ್ತ ಕೂತರು. ಆಮೇಲೆ ಅವ್ವನ ಕಡೆ ತಿರುಗಿ ಮರಾಠಿಯಲ್ಲಿ, "ಮಾವಶಿ, ದೋಘಿಂಚಂಹಿ ಬರೋಬರ್" ಅಂದರು. ಇಬ್ಬರದೂ ಸರಿ! ಕೆಲವು ಬಡಿತ ಎಷ್ಟು ಅವಸರದವೆಂದರೆ ಹೃದಯ ತುಂಬಿಕೊಳ್ಳುವ ಮೊದಲೇ ಬಡಿದುಬಿಡುತ್ತದೆ. ಎದೆಯಲ್ಲಿ ಸದ್ದು ಕೇಳುತ್ತದೆ, ಕೈಗೆ ರಕ್ತದ ಅಲೆ ಮುಟ್ಟುವುದಿಲ್ಲ. ಎರಡೂ ಲೆಕ್ಕ ಬರೆಯಿರಿ, ನನಗೆ ಬೇಕಾದದ್ದು ಆ ಅಂತರವೇ, ಅಂದರು. ನನ್ನ ಮುಖ ಎಲ್ಲಿ ಇಟ್ಟುಕೊಳ್ಳಲಿ?

ಅವ್ವನಿಗೆ ಮಾತ್ರ ಹೊಸ ಹುರುಪು ಬಂತು. "ಅಂದ್ರ ಇಪ್ಪತ್ತೆಂಟು ಕುರಿ ಹೊಲದಿಂದ ಹೊಂಟಾವು, ದಡ್ಡಿ ಮುಟ್ಟವಲ್ವು" ಅಂದಳು. ಅಂದಿನಿಂದ ಜಗಳ ಹೋಗಿ ಆಟವೇ ಆಯಿತು. ಇಪ್ಪತ್ತೆಂಟು ಇಪ್ಪತ್ತಾಯಿತು, ಹದಿನಾಲ್ಕಾಯಿತು, ಒಂದು ಬೆಳಿಗ್ಗೆ ಒಂಬತ್ತು! ನಾನು ಗೋಡೆ ಬಡಿದು ಗಂಡನಿಗೆ ಕೂಗಿ ಹೇಳಿದೆ, ಅವರು ಮಗ್ಗ ನಿಲ್ಲಿಸಿ ಓಡಿ ಬಂದರು. ಅಪ್ಪನ ಕಾಲಿನ ಬಾವು ಇಳಿಯಿತು, ಅಂಗಳದವರೆಗೆ ನಡೆದ. ಆದರೆ ಒಂಬತ್ತಕ್ಕಿಂತ ಕೆಳಗೆ ಅದು ಇಳಿಯಲೇ ಇಲ್ಲ. ತಾಳ ತಪ್ಪಿದ್ದು ತಪ್ಪಿಯೇ ಇತ್ತು.

ಶಾಕಿನ ದಿನ ಹತ್ತಿರ ಬಂದಾಗ ಅಪ್ಪ ಒಲ್ಲೆ ಅಂದ. "ಇಷ್ಟು ಸುಧಾರಿಸೀನಿ, ಸಾಕು. ಕರೆಂಟ್ ಹಚ್ಚಿಸ್ಕೊಂಡು ಸಾಯಾಕ ನಾ ಒಲ್ಲೆ."

ನಾನು ವಾದ ಮಾಡಿ ಸೋತೆ. ಅವ್ವ ಕೂಗಾಡಲಿಲ್ಲ, ಒಂದೇ ಮಾತು ಕೇಳಿದಳು. "ಒಂಬತ್ತು ಕುರಿ ಹೊರಗ ಉಳದಾಗ ನೀವು ಎಂದರ ದಡ್ಡಿ ಬಾಗಲಾ ಹಾಕಿ ಮಲಗೀರೇನು?"

ಅಪ್ಪ ರುಮಾಲು ಸುತ್ತಿಕೊಂಡು, "ಯಾವಾಗ ಹೋಗೂದು?" ಅಂದ.

ಶಾಕಿನ ದಿನ ಬೆಳಿಗ್ಗೆ ಅವ್ವ ಅವನ ಎದೆತುಂಬ ದೇವರು ಬೀರೋಬನ ಭಂಡಾರ ಹಚ್ಚಿದ್ದಳು. ಆಸ್ಪತ್ರೆಯಲ್ಲಿ ಎದೆಗೆ ಪಟ್ಟಿ ಅಂಟಿಸಲು ಬಂದ ಸಿಸ್ಟರ್ ಆ ಅರಿಶಿನವನ್ನೆಲ್ಲ ಒರೆಸಿ ತೆಗೆದಳು. ಅವ್ವನ ಕಣ್ಣು ಕೆಂಪಾಯಿತು, ಆದರೆ ಉಳಿದ ಚಿಟಿಕೆಯನ್ನು ಮಷಿನ್ನಿನ ಕಾಲಿಗೆ ಹಚ್ಚಿ ಕೈಮುಗಿದು ಹೊರಗೆ ಬಂದಳು. ಕಾಲು ಗಂಟೆಯೂ ಆಗಿರಲಿಲ್ಲ, ಒಳಗೆ ಕರೆದರು.

ಅಪ್ಪ ಮಂಪರಿನಲ್ಲಿದ್ದ. ಡಾಕ್ಟರು ಪರದೆಗೆ ಬೆನ್ನು ಕೊಟ್ಟು, "ಎಣಿಸಿ" ಅಂದರು, ಪರೀಕ್ಷೆಯ ಮಾಸ್ತರರಂತೆ. ನಾನು ಎದೆಗೆ, ಅವ್ವ ಮಣಿಕಟ್ಟಿಗೆ. ಮೊದಲ ಹತ್ತು ಬಡಿತಕ್ಕೇ ನನಗೆ ಗೊತ್ತಾಯಿತು. ಆ ಬೆದರಿದ ಓಟ ಇಲ್ಲ! ಒಂದಾದ ಮೇಲೆ ಒಂದು, ಒಂದೇ ಅಳತೆಯ ಹೆಜ್ಜೆ! ಆದರೂ ನಿಮಿಷ ಮುಗಿಯುವವರೆಗೆ ಎಣಿಸಿದೆ.

"ಮೂರು ಖಂಡಿ ಮ್ಯಾಲ ಹನ್ನೆರಡು" ಅಂದಳು ಅವ್ವ.

"ಎಪ್ಪತ್ತೆರಡು!" ಅಂತ ನಾನು ಚೀರಿದ್ದಕ್ಕೆ ಸಿಸ್ಟರ್ ಬೈದಳು. ಬೈಯಲಿ, ಕುಣಿಯದೆ ನಿಂತದ್ದೇ ದೊಡ್ಡದು. ಇದು ಹೀಗೇ ಉಳಿಯುತ್ತದೆಂದು ಬರೆದುಕೊಡಲಾರೆ, ಮತ್ತೆ ತಪ್ಪಬಹುದು, ಗುಳಿಗೆ ಬಿಡಬೇಡಿ, ಎಣಿಸುವುದನ್ನೂ ಬಿಡಬೇಡಿ ಅಂದರು ಡಾಕ್ಟರು.

ಅಪ್ಪ ಕಣ್ಣು ತೆರೆದ. "ಎಲ್ಲಾ ಬಂದ್ವೇನು?"

"ಬಂದ್ವು ರೀ. ಒಂದೂ ತಪ್ಪಿಲ್ಲ."

"ಹಂಗಾರ ಕೈ ಬಿಡು, ಮಂದಿ ನೋಡಾಕತ್ಯಾರ."

ಸುತ್ತ ನಿಜವಾಗಿಯೂ ಮಂದಿ ಇದ್ದರು. ಅವರಿಬ್ಬರು ನಾಲ್ಕು ಜನರ ಎದುರು ಕೈ ಹಿಡಿದದ್ದನ್ನು ನಾನು ಹುಟ್ಟಿದಾಗಿನಿಂದ ಕಂಡಿರಲಿಲ್ಲ. ಅವ್ವ ಕೈ ಬಿಡಲಿಲ್ಲ. ಉಡಿಯ ಹರಳುಗಳನ್ನು ಹಾಸಿಗೆಯ ಮೇಲೆ ಸುರಿದು, "ಸುಮ್ಮನ ಮಲಗ್ರಿ" ಅಂದು, ಮತ್ತೆ ಲಾಭದಿಂದ ಶುರು ಮಾಡಿದಳು.