ಬಿಳಿ ಅಂಗಿಯ ಅರಿಶಿನ

ಅನಘಾ, ಶುಭಕಾರ್ಯಕ್ಕೆ ಬಿಳಿ ಆಗಿಬರುವುದಿಲ್ಲ ಎಂದು ನಾನು ಹೇಳಿದ್ದು ಸುಳ್ಳು. ಅಂಥ ಶಾಸ್ತ್ರ ನಮ್ಮ ಮನೆಯಲ್ಲಿ ಯಾವತ್ತೂ ಇರಲಿಲ್ಲ. ನಿಂತ ನಿಲುವಿನಲ್ಲಿ ನಾನೇ ಹುಟ್ಟಿಸಿದ್ದು. ನಿನ್ನ ನೌಕಾಪಡೆಯ ಮೀಸಲು ದಳದವರು ಅಂದು ಹ್ಯೂಸ್ಟನ್ನಿನ ಸೆಖೆಯಲ್ಲಿ ದಪ್ಪ ಉಣ್ಣೆಯ ನೀಲಿ ಯೂನಿಫಾರ್ಮಿನೊಳಗೆ ಬೆಂದದ್ದು ನನ್ನಿಂದ.

ಕನ್ನಡ ಕೂಟದ ಯುಗಾದಿಗೆ ಧ್ವಜ ಹಿಡಿದು ನಡೆಯಲು ಗೆಳೆಯರನ್ನು ಕರೆತರುತ್ತೇನೆಂದು ನೀನೇ ಒಪ್ಪಿಕೊಂಡಿದ್ದೆ. ಆ ವಾರ ಬಿಳಿ, ನೀಲಿ ಎರಡಕ್ಕೂ ಅವಕಾಶವಿತ್ತು. ಎಲ್ಲರೂ ಒಂದೇ ಬಣ್ಣ ಹಾಕಬೇಕು, ಯಾವುದೆಂದು ಕರೆದವರೇ ಆರಿಸಲಿ ಎಂದಿದ್ದರು ನಿನ್ನ ಮೇಲಿನವರು. ಕರೆದವರು ಅಂದರೆ ಕಮಿಟಿ, ಕಮಿಟಿ ಅಂದರೆ ನಾನು — ಎಂಥ ಜಂಬ ನನಗೆ! ಬಿಳಿಯೇ ಎಂದು ಮನಸ್ಸಿನಲ್ಲಿ ನಿಶ್ಚಯ ಮಾಡಿಕೊಂಡಿದ್ದೆ.

ಹಿಂದಿನ ದಿನ ನಮ್ಮ ಮನೆಯಲ್ಲಿ ನಿನ್ನ ಬಿಳಿ ಅಂಗಿ ಹ್ಯಾಂಗರಿನಲ್ಲಿತ್ತು. ಮುಟ್ಟಬೇಡ ಎಂದು ಹೇಳಿಯೇ ಹೋಗಿದ್ದೆ ನೀನು. ಆದರೆ ಅದು ಹೊಸ ಬಟ್ಟೆ, ಒಮ್ಮೆಯೂ ಮೈಗೆ ಹಾಕದ್ದು. ಹೊಸ ಬಟ್ಟೆಗೆ ಚೂರು ಅರಿಶಿನ ಹಚ್ಚದೆ ನಿನ್ನನ್ನು ನಾನು ಯಾವತ್ತು ಹೊರಗೆ ಕಳಿಸಿದ್ದೇನೆ? ತೋಳಿನ ಒಳಮಗ್ಗುಲಿಗೆ, ಯಾರಿಗೂ ಕಾಣದ ಹಾಗೆ, ಒಂದೇ ಒಂದು ಬೊಟ್ಟು — ಬೆರಳು ಒದ್ದೆಯಿತ್ತು, ಹಳದಿ ಈಚೆಗೂ ಬಂತು. ಗಾಬರಿಯಲ್ಲಿ ಸೋಪು ಹಾಕಿ ಉಜ್ಜಿದೆ. ಇಷ್ಟು ವರ್ಷ ಅಡುಗೆ ಮಾಡಿದವಳಿಗೆ ಅರಿಶಿನಕ್ಕೆ ಸೋಪು ತಾಗಿದರೆ ಏನಾಗುತ್ತದೆಂದು ಗೊತ್ತಿರಬೇಡವೇ? ಅಂಗೈಯಗಲ ಕೆಂಪಾಯಿತು.

ಅಷ್ಟರಲ್ಲಿ ನಿನ್ನ ಫೋನ್ ಬಂತು.

“ಅಮ್ಮಾ, ವೈಟ್ಸಾ, ಬ್ಲೂಸಾ? ಎಲ್ರೂ ಕಾಯ್ತಿದ್ದಾರೆ.”

“ಬ್ಲೂಸೇ ಇರ್ಲಿ ಕಣೇ. ಶುಭಕಾರ್ಯಕ್ಕೆ ನಮ್ಮಲ್ಲಿ ಬಿಳಿ ಆಗಿಬರಲ್ಲ.”

ನೀನು ನಂಬಿದೆ. ಪಾಪ, ಅವರೆಲ್ಲ ನಂಬಿದರು, ಗೌರವದಿಂದ. ಮರುದಿನ ನಿನ್ನ ಅಪ್ಪ ಬಿಳಿ ಪಂಚೆಯುಟ್ಟು ಎಲ್ಲರ ಮುಂದೆ ಓಡಾಡುತ್ತಿದ್ದರು! ನಿಮ್ಮ ಹಿರಿಯ ಅಧಿಕಾರಿ ಆ ಪಂಚೆಯನ್ನೇ ನೋಡುತ್ತಿದ್ದಾಗ, ಅದು ಬಿಳಿಯಲ್ಲ, ಕೆನೆಬಣ್ಣ ಎಂದುಬಿಟ್ಟೆ. ಅಂಗಿ ಹಾಳಾದದ್ದನ್ನು ಬಟ್ಟೆ ಒಣಗಿಸುವ ಡ್ರೈಯರಿನ ತಲೆಗೆ ಕಟ್ಟಿದೆ. ಚೆನ್ನಾಗಿದ್ದ ಡ್ರೈಯರನ್ನೇ ನಿನ್ನ ಅಪ್ಪ ಬದಲಾಯಿಸಿದರು. ಒಂದು ಬೊಟ್ಟು ಅರಿಶಿನಕ್ಕೆ ಎಷ್ಟೊಂದು ಸುಳ್ಳು…

ಆ ಸೆಖೆಯಲ್ಲೇ ಅಲ್ಲವೇ, ಮೆರವಣಿಗೆ ಮುಗಿದ ಮೇಲೆ ನಿಮ್ಮ ದಳದ ಬ್ರೆಂಟ್ ಕಣ್ಣುಕತ್ತಲೆ ಬಂದು ಕುಸಿದು ಕೂತದ್ದು, ನೀನು ಮಜ್ಜಿಗೆ ಲೋಟ ಹಿಡಿದು ಅವನ ಪಕ್ಕ ಕೂತದ್ದು. ಲೋಟ ಖಾಲಿಯಾದರೂ ನೀನು ಏಳಲಿಲ್ಲ. ನೋಡಿ ನನಗೆ ಎಷ್ಟು ಖುಷಿಯಾಗಿತ್ತು ಗೊತ್ತೇ? ಆದರೆ ಅದನ್ನು ನನ್ನ ಸುಳ್ಳಿನ ಪುಣ್ಯ ಎಂದು ಹೇಳಿಕೊಳ್ಳಲಾರೆ. ಮಜ್ಜಿಗೆ ನಿಮ್ಮದು, ಬೆವರು ಮಾತ್ರ ನನ್ನ ಲೆಕ್ಕಕ್ಕೆ.

ಈಗ ನಿಮ್ಮ ಮದುವೆ. ಜೂನ್ ತಿಂಗಳು, ಆಸ್ಟಿನ್ನಿನ ಬಯಲು. ಬಿಳಿ ಯೂನಿಫಾರ್ಮಿನಲ್ಲಿ ಮದುವೆಯಾಗಬೇಕೆಂದು ಬ್ರೆಂಟ್ ದಳಕ್ಕೆ ಸೇರಿದಾಗಿನಿಂದ ಆಸೆಪಟ್ಟಿದ್ದಾನೆ. ನಿನ್ನೆ ನೀನು ಎಷ್ಟು ಸಹಜವಾಗಿ ಹೇಳಿದೆ — “ಎಲ್ಲರಿಗೂ ಬ್ಲೂಸ್ ಅಂತ ಹೇಳ್ಬಿಟ್ಟಿದ್ದೀನಿ ಅಮ್ಮ. ನಿಂಗೆ ಬೇಜಾರಾಗಬಾರದು.” ಅವನು ತಕ್ಷಣ ಒಪ್ಪಿಕೊಂಡನಂತೆ. ಫೋನ್ ಇಟ್ಟವಳು ನಕ್ಕೆ, ನಗುತ್ತಲೇ ಕಣ್ಣಲ್ಲಿ ನೀರು ಬಂತು. ಇಲ್ಲದ ಶಾಸ್ತ್ರಕ್ಕೆ ಆ ಹುಡುಗ ಆಸೆಯನ್ನೇ ಬಿಟ್ಟುಕೊಟ್ಟನಲ್ಲ!

ಅಂಗಿ ನನ್ನ ರೇಷ್ಮೆ ಸೀರೆಗಳ ಕೆಳಗಿದೆ. ಶನಿವಾರ ಅದನ್ನು ತೆಗೆದುಕೊಂಡು ಆಸ್ಟಿನ್ನಿಗೆ ಬರುತ್ತೇನೆ. ಬ್ರೆಂಟ್‌ನ ಎದುರೂ ಇದನ್ನೆಲ್ಲ ಹೇಳುತ್ತೇನೆ. ನಿನ್ನ ಅಪ್ಪನ ಎದುರು ಡ್ರೈಯರಿನ ಕಥೆಯನ್ನೂ. ನೀವೆಲ್ಲ ನಕ್ಕರೆ ನಗಿ. ಕೋಪ ಬಂದರೆ ಅದೂ ನ್ಯಾಯವೇ.

ಎಲ್ಲರೂ ಬಿಳಿಯೇ ಹಾಕಿಕೊಳ್ಳಿ, ಮಗಳೇ. ಅವನ ಹೊಸ ಅಂಗಿಗೆ ಅರಿಶಿನ ಹಚ್ಚಲೇ ಎಂದು ಈ ಸಲ ಮೊದಲು ಕೇಳುತ್ತೇನೆ. ಬೇಡ ಎಂದರೆ, ಕೈಕಟ್ಟಿ ನಿಲ್ಲುತ್ತೇನೆ.